ದ್ರಾಸ್‌ಗೆ ನಲವತ್ತು ನಿಮಿಷ ಸಾಲದು

ಮಾನ್ಯ ಸಂಪಾದಕರೇ,

ಲಡಾಖ್ ಪ್ರವಾಸದ ಜಾಹೀರಾತುಗಳು ಈಗ ನಿಮ್ಮ ಪತ್ರಿಕೆಯ ಭಾನುವಾರದ ಪುಟಗಳಲ್ಲೂ ಬರುತ್ತಿವೆ. ಪ್ಯಾಂಗಾಂಗ್ ಸರೋವರ, ನುಬ್ರಾದ ಒಂಟೆ ಸವಾರಿ, ಇವುಗಳ ನಡುವೆ ಒಂದು ಸಾಲು: ‘ಕಾರ್ಗಿಲ್ ಯುದ್ಧಭೂಮಿ ದರ್ಶನ’. ಆ ಒಂದು ಸಾಲಿನ ಬಗ್ಗೆಯೇ ಈ ಪತ್ರ.

ನಾನು ಸೇನೆಗೆ ಸಾಮಗ್ರಿ ಸಾಗಿಸುವ ಆರ್ಮಿ ಸರ್ವಿಸ್ ಕೋರ್‌ನಲ್ಲಿ ಡ್ರೈವರ್ ಆಗಿದ್ದವನು. 1999ರ ಜೂನ್ ಮೊದಲ ವಾರ ಜೋಜಿಲಾ ಕಣಿವೆದಾರಿ ದಾಟಿ ಕಾರ್ಗಿಲ್ ಜಿಲ್ಲೆಯ ದ್ರಾಸ್‌ಗೆ ಮದ್ದುಗುಂಡು ತುಂಬಿದ ಗಾಡಿ ಓಡಿಸಿದ್ದೇನೆ. ಆಗ ತೊಲೊಲಿಂಗ್ ಶಿಖರ ಇನ್ನೂ ವೈರಿಯ ಕೈಯಲ್ಲಿತ್ತು. ಮೇಲೆ ಕುಳಿತವನಿಗೆ ಕೆಳಗಿನ ಶ್ರೀನಗರ–ಲೇಹ್ ಹೆದ್ದಾರಿ ಪೂರ್ತಿ ಕಾಣುತ್ತಿತ್ತು, ಹಗಲು ಗಾಡಿ ಕಂಡರೆ ಶೆಲ್ ಬೀಳುತ್ತಿತ್ತು. ಅದಕ್ಕೆ ನಮ್ಮ ಓಡಾಟವೆಲ್ಲ ರಾತ್ರಿ, ಹೆಡ್‌ಲೈಟ್ ಆರಿಸಿಕೊಂಡು. ಮುಂದಿನ ಗಾಡಿಯ ಹಿಂದಿನ ಗಾಲಿಗಳ ನಡುವೆ ಆ್ಯಕ್ಸಲ್‌ನ ಉಬ್ಬಿದ ಭಾಗಕ್ಕೆ ಬಿಳಿ ಬಣ್ಣ ಬಳಿದಿರುತ್ತದೆ, ಅದರ ಮೇಲೆ ಒಂದು ಸಣ್ಣ ದೀಪ. ಆ ಬಿಳಿ ಚುಕ್ಕೆ ಒಂದನ್ನೇ ನೋಡುತ್ತ ಹೋಗಬೇಕು. ಅದು ತಪ್ಪಿದರೆ ಎಡಕ್ಕೆ ಬಂಡೆಯೋ ಬಲಕ್ಕೆ ನದಿಯೋ ಎನ್ನುವುದೂ ತಿಳಿಯುತ್ತಿರಲಿಲ್ಲ. ಜೂನ್ 13ರಂದು ತೊಲೊಲಿಂಗ್ ನಮ್ಮದಾಯಿತು ಎಂಬ ಸುದ್ದಿ ಬಂದಾಗ ನಾನು ಗಾಡಿಯ ಕೆಳಗೆ ಮಲಗಿದ್ದೆ.

ಹೋದ ವರ್ಷ ಆಗಸ್ಟ್‌ನಲ್ಲಿ ಹೆಂಡತಿಯ ಜೊತೆ ಮತ್ತೆ ಅಲ್ಲಿಗೆ ಹೋದೆ. ಅವಳಿಗೆ ತೋರಿಸಬೇಕು ಎಂಬ ಆಸೆ ಇಪ್ಪತ್ತೈದು ವರ್ಷದ್ದು. ಹುಬ್ಬಳ್ಳಿ, ಧಾರವಾಡ, ಬೆಳಗಾವಿ ಕಡೆಯವರೇ ತುಂಬಿದ್ದ ಬಸ್ಸು. ಪ್ರವಾಸ ಕಂಪನಿಯ ಹೆಸರು ಇಲ್ಲಿ ಬೇಡ, ಊಟ ವಸತಿಗೆ ಅವರು ಏನೂ ಕಡಿಮೆ ಮಾಡಲಿಲ್ಲ. ದ್ರಾಸ್‌ನ ಯುದ್ಧ ಸ್ಮಾರಕಕ್ಕೆ ಅವರು ಕೊಟ್ಟಿದ್ದು ನಲವತ್ತು ನಿಮಿಷ. ಅದರಲ್ಲೇ ಫೋಟೋ, ಅದರಲ್ಲೇ ಚಹಾ, ಅದರಲ್ಲೇ ಶೌಚಾಲಯದ ಸಾಲು. ಸ್ಮಾರಕದಲ್ಲಿ ಸೇನೆಯ ಜವಾನರೇ ನಿಂತು ಯುದ್ಧ ಹೇಗೆ ನಡೆಯಿತು ಎಂದು ವಿವರಿಸುತ್ತಾರೆ. ನಮಗೆ ಸಿಕ್ಕ ಹುಡುಗ ಎದುರಿನ ಒಂದೊಂದು ಶಿಖರಕ್ಕೂ ಕೈ ತೋರಿಸಿ ಬಹಳ ಚೆನ್ನಾಗಿ ಹೇಳುತ್ತಿದ್ದ. ಅವನು ಪೂರ್ತಿ ಮಾಡುವ ಮೊದಲೇ ನಮ್ಮ ಗೈಡ್ ಶೀಟಿ ಊದಿದ. ಆ ಗೈಡ್ ದೂರದ ಊರಿನವನು, ವಯಸ್ಸು ಇಪ್ಪತ್ತೈದರ ಒಳಗೆ. ಬಸ್ಸಿನಲ್ಲಿ ಸಿನಿಮಾ ಡೈಲಾಗ್ ಹೊಡೆಸಿದ, ತೊಲೊಲಿಂಗ್ ತೋರಿಸಿ ‘ಅದೇ ಟೈಗರ್ ಹಿಲ್’ ಎಂದ. ಎಲ್ಲರೂ ಅದನ್ನೇ ಬೆನ್ನಿಗಿಟ್ಟುಕೊಂಡು ಸೆಲ್ಫಿ ತೆಗೆದುಕೊಂಡರು.

ನಾನು ಹೆಸರುಗಳ ಗೋಡೆಯ ಮುಂದೆ ಇದ್ದೆ. ಆ ಯುದ್ಧದಲ್ಲಿ ಸತ್ತ ನಮ್ಮ ಯೋಧರು 527 ಮಂದಿ. ನನ್ನ ಜೊತೆ ಒಂದೇ ಮೆಸ್ ಟಿನ್‌ನಲ್ಲಿ ಉಂಡವನ ಹೆಸರು ಹುಡುಕುತ್ತಿದ್ದೆ. ಹೆಂಡತಿ ಆ ಕಡೆಯಿಂದ ಬೆರಳಿಟ್ಟು ಓದುತ್ತ ಬರುತ್ತಿದ್ದಳು. ಶೀಟಿ ಕೇಳಿ ನನ್ನ ಮುಖ ನೋಡಿ, ‘ಇಷ್ಟ ಏನ್ರಿ? ಇದಕ್ಕ ಅಷ್ಟು ದೂರದಿಂದ ಬಂದೇವೇನು?’ ಎಂದಳು. ಹೆಸರು ಸಿಗುವ ಮೊದಲೇ ಬಸ್ ಹತ್ತಿದೆವು.

ಮರುದಿನ ಕಾರ್ಗಿಲ್‌ನಲ್ಲಿ ಗುಂಪು ಬಿಟ್ಟು ಒಂದು ಟ್ಯಾಕ್ಸಿ ಮಾಡಿಕೊಂಡೆವು. ಚಾಲಕ ದ್ರಾಸ್‌ನವನೇ, ಮನೆಯಲ್ಲಿ ಶಿನಾ ಭಾಷೆ ಮಾತಾಡುವವನು. ನಾನು 1999ರ ಮಾತು ತೆಗೆದ ಕೂಡಲೇ ಗಾಡಿ ಪಕ್ಕಕ್ಕೆ ನಿಲ್ಲಿಸಿದ. ಆಗ ಅವನಿಗೆ ಹತ್ತೊಂಬತ್ತು ವರ್ಷವಂತೆ. ಮನೆಯವರು ಕುರಿ ಹೊಡೆದುಕೊಂಡು ಸುರು ಕಣಿವೆಯ ಕಡೆ ಹೋದರೆ ಇವನು ಸೇನೆಗೆ ಹೊರೆಯಾಳಾಗಿ ನಿಂತ. ರಾತ್ರಿ ಹತ್ತುವಾಗ ಬೆನ್ನ ಮೇಲೆ ನೀರಿನ ಜೆರಿಕ್ಯಾನು, ಇಳಿಯುವಾಗ ಗಾಯಾಳುಗಳು. ಕೆಲವು ಸಲ ಗಾಯಾಳುಗಳೂ ಅಲ್ಲ. ಅಂಗಿಯ ಕಾಲರ್ ಸರಿಸಿ ಭುಜ ತೋರಿಸಿದ, ಹಗ್ಗ ಕೊರೆದ ಗುರುತು ಇನ್ನೂ ಕಪ್ಪಾಗಿದೆ. ನಾನು ತಂದು ಇಳಿಸುತ್ತಿದ್ದ ಪೆಟ್ಟಿಗೆಗಳನ್ನು ಮುಂದೆ ಹೊತ್ತವರು ಯಾರು ಎಂದು ಇಷ್ಟು ವರ್ಷ ನಾನೂ ಕೇಳಿಕೊಂಡಿರಲಿಲ್ಲ. ಬೆಳಗಾವಿಯಲ್ಲಿ ಮಾಜಿ ಸೈನಿಕರ ಸಭೆಗಳಲ್ಲಿ ಇವರ ಸುದ್ದಿ ಬಂದಿದ್ದು ನನಗೆ ನೆನಪಿಲ್ಲ. ಅದು ನಮ್ಮ ತಪ್ಪು.

ಅವನೇ ನಮ್ಮನ್ನು ಹುಂದರ್ಮಾನ್‌ಗೆ ಕರೆದೊಯ್ದ. ಅದು ಗಡಿ ನಿಯಂತ್ರಣ ರೇಖೆಯ ಅಂಚಿನ ಹಳ್ಳಿ, 1971ರ ಯುದ್ಧದವರೆಗೆ ಪಾಕಿಸ್ತಾನದ ಕೈಯಲ್ಲಿತ್ತು. ಜನ ಬಿಟ್ಟುಹೋದ ಕಲ್ಲುಮಣ್ಣಿನ ಮನೆಗಳು ಬೆಟ್ಟಕ್ಕೆ ಅಂಟಿಕೊಂಡಿವೆ. ಒಂದು ಮನೆಯನ್ನು ಊರಿನವರು ಸಣ್ಣ ವಸ್ತುಸಂಗ್ರಹಾಲಯ ಮಾಡಿದ್ದಾರೆ. ಪಾತ್ರೆ, ಬಟ್ಟೆ, ರೇಖೆಯ ಆಚೆ ಉಳಿದುಹೋದ ಬಂಧುಗಳು ಬರೆದ ಕಾಗದಗಳು. ನನ್ನ ಹೆಂಡತಿ ಅಲ್ಲಿ ಒಂದು ತಾಸು ಕುಳಿತಳು. ಉರ್ದು ಅವಳಿಗೆ ಬರುವುದಿಲ್ಲ, ಚಾಲಕ ಹಿಂದಿಯಲ್ಲಿ ಓದಿ ಹೇಳಿದ.

ಇನ್ನೊಂದು ವಿಷಯ ಹೇಳಲೇಬೇಕು. ಹಿಂದಿನ ದಿನ ದಾರಿ ಬದಿ ಬಸ್ ನಿಂತಾಗ ನಮ್ಮ ಬಸ್ಸಿನ ಹುಡುಗನೊಬ್ಬ ತುಕ್ಕು ಹಿಡಿದ ಕಬ್ಬಿಣದ ಚೂರು ಹೆಕ್ಕಿ ನೆನಪಿಗೆಂದು ಚೀಲಕ್ಕೆ ಹಾಕಿಕೊಂಡ. ಗೈಡ್ ನಕ್ಕು ಸುಮ್ಮನಾದ. ನಾನು ಬೈದು ಬಿಸಾಡಿಸಿದೆ. 2023ರಲ್ಲಿ ಕಾರ್ಗಿಲ್‌ನ ಕುರ್ಬಾತಾಂಗ್‌ನಲ್ಲಿ ಸಿಡಿಯದೆ ಉಳಿದಿದ್ದ ಶೆಲ್ ಸಿಡಿದು ಒಬ್ಬ ಹುಡುಗ ಸತ್ತ. ಯುದ್ಧ ಮುಗಿದು ಎರಡು ದಶಕ ದಾಟಿದ ಮೇಲೆ ತನ್ನ ಜಿಲ್ಲೆಯ ನೆಲದಲ್ಲೇ ಅವನ ಜೀವ ಹೋಯಿತು. ಅಲ್ಲಿ ಮಕ್ಕಳನ್ನು ಸಾಕುತ್ತಿರುವ ಗೈಡ್ ಆಗಿದ್ದರೆ ನಗುತ್ತಿರಲಿಲ್ಲ, ಬಸ್ ಇಳಿಯುವ ಮೊದಲೇ ‘ಏನನ್ನೂ ಮುಟ್ಟಬೇಡಿ’ ಎನ್ನುತ್ತಿದ್ದ.

ಯುದ್ಧ ನಡೆದ ಜಾಗಕ್ಕೆ ಪ್ರವಾಸಿಗರೇ ಹೋಗಬಾರದು ಎನ್ನುವ ಸ್ನೇಹಿತರು ನನಗಿದ್ದಾರೆ. ನಾನು ಒಪ್ಪುವುದಿಲ್ಲ. ಹೋಗಬೇಕು, ಮಕ್ಕಳನ್ನೂ ಕರೆದುಕೊಂಡು ಹೋಗಬೇಕು. ಆದರೆ ಕರೆದುಕೊಂಡು ಹೋಗಿ ತೋರಿಸುವವನು ಆ ಮಣ್ಣಿನವನೇ ಆಗಿರಬೇಕು. 1999ರ ಮೇ ತಿಂಗಳ ಆರಂಭದಲ್ಲಿ ವೈರಿ ಒಳಗೆ ಬಂದಿದ್ದಾನೆಂದು ಸೇನೆಗೆ ಮೊದಲು ತಿಳಿಸಿದವರಲ್ಲಿ ಗಾರ್ಕೋನ್ ಹಳ್ಳಿಯ ಕುರಿಗಾಹಿ ತಾಶಿ ನಮ್ಗ್ಯಾಲ್ ಒಬ್ಬರು. ಕಳೆದುಹೋದ ಯಾಕ್ ಹುಡುಕುತ್ತ ಹೋಗಿ ದುರ್ಬೀನಿನಲ್ಲಿ ನುಸುಳುಕೋರರನ್ನು ಕಂಡವರು. 2024ರ ಡಿಸೆಂಬರ್‌ನಲ್ಲಿ ಅವರು ತೀರಿಕೊಂಡರು. ಹೊರೆ ಹೊತ್ತವರಿಗೂ ವಯಸ್ಸಾಗುತ್ತಿದೆ.

2025ರ ಜನವರಿಯಲ್ಲಿ ಕೇಂದ್ರ ಸರ್ಕಾರ ‘ಭಾರತ ರಣಭೂಮಿ ದರ್ಶನ’ ಎಂಬ ಯೋಜನೆ ಆರಂಭಿಸಿದೆ. ಗಡಿಯ 77 ಸ್ಥಳಗಳ ಪಟ್ಟಿಯಲ್ಲಿ ಕಾರ್ಗಿಲ್, ಸಿಯಾಚಿನ್, ಗಲ್ವಾನ್ ಎಲ್ಲ ಇವೆ. ಗಲ್ವಾನ್‌ನ ಘರ್ಷಣೆ ನಡೆದದ್ದು 2020ರಲ್ಲಿ, ಅಲ್ಲಿ ಸತ್ತ ಯೋಧರ ಮಕ್ಕಳು ಇನ್ನೂ ಶಾಲೆಗೆ ಹೋಗುತ್ತಿರಬಹುದು. ಅಲ್ಲಿಗೂ ಶೀಟಿ ಊದುವ ಗೈಡ್ ಹೋಗುವುದು ಬೇಡ. ಯೋಜನೆ ನಡೆಸುವವರು ದ್ರಾಸ್, ಬಟಾಲಿಕ್, ಕಾರ್ಗಿಲ್‌ನ ಜನರಿಗೇ ತರಬೇತಿ ಕೊಟ್ಟು ಗುರುತಿನ ಚೀಟಿ ಕೊಡಲಿ, ಬರುವ ಪ್ರತಿ ಬಸ್ಸೂ ಅವರಲ್ಲಿ ಒಬ್ಬರನ್ನು ಹತ್ತಿಸಿಕೊಳ್ಳಲೇಬೇಕು ಎಂದು ಮಾಡಲಿ. ಜೋಜಿಲಾ ಹಿಮಕ್ಕೆ ಮುಚ್ಚಿದರೆ ದುಡಿಮೆ ಇಲ್ಲದ ಊರುಗಳವು. ಬೇಸಿಗೆಯ ಈ ಕೂಲಿ ಅವರಿಗೇ ಸೇರಬೇಕು.

ನಮ್ಮ ಉತ್ತರ ಕರ್ನಾಟಕದ ಪ್ರವಾಸ ಕಂಪನಿಯವರನ್ನು ಕೇಳುವುದು ಇಷ್ಟೇ: ದ್ರಾಸ್‌ಗೆ ಅರ್ಧ ದಿನ ಕೊಡಿ, ಹುಂದರ್ಮಾನ್‌ಗೆ ಇನ್ನರ್ಧ ದಿನ. ಹಿಂದಿ ಬಾರದ ನಮ್ಮ ಹಿರಿಯರಿಗೆ ಕನ್ನಡದಲ್ಲಿ ಹೇಳುವವರು ಬೇಕೆಂದರೆ ನಾನು ಬರುತ್ತೇನೆ, ಸಂಬಳ ಬೇಡ. ಆ ಟ್ಯಾಕ್ಸಿಯವನು ಹೇಳುತ್ತಾನೆ, ನಾನು ಕನ್ನಡ ಮಾಡಿ ಹೇಳುತ್ತೇನೆ. ಬರುವ ಜೂನ್‌ನಲ್ಲಿ ಹೆಂಡತಿಯ ಜೊತೆ ಹೇಗೂ ಹೋಗುವವನಿದ್ದೇನೆ. ಗೋಡೆಯ ಮೇಲೆ ಹುಡುಕಬೇಕಾದ ಹೆಸರು ಹಾಗೇ ಉಳಿದಿದೆ.

– ನಿವೃತ್ತ ಹವಾಲ್ದಾರ್, ಬೈಲಹೊಂಗಲ