ಮಗಾ, ಒಂದನೇ ನಂಬರ್ ಬದಲಾಗಿದೆ

ಮಗಾ,

ನೀನು ಕೇಳಿದ ಪಟ್ಟಿ ಕೊನೆಗೂ ಬರೆದೆ. 2000ದಿಂದ 2009ರವರೆಗಿನ ರಾಕ್, ಮೆಟಲ್‌ನಲ್ಲಿ ನನಗೆ ತುಂಬಾ ಇಷ್ಟವಾದ ಬರೀ ಐದೇ ಆಲ್ಬಮ್. ವಾಟ್ಸಾಪಿಗೆ ಕಳಿಸಿದರೆ ನೀನು ಒಂದು ನಗುಮುಖ ಹಾಕಿ ಸುಮ್ಮನಾಗುತ್ತೀಯ. ಅದಕ್ಕೇ ಎಲ್ಲರ ಎದುರಿಗೆ ಬರೆಯುತ್ತಿದ್ದೇನೆ. ಈಗ ಉತ್ತರ ಕೊಡಲೇಬೇಕು.

ಓದುತ್ತಿರುವ ಉಳಿದವರಿಗೆ ಒಂದು ಮಾತು. 2007ರ ಮಾರ್ಚ್ 17ರಂದು ಇಂಗ್ಲೆಂಡಿನ ಮೆಟಲ್ ಬ್ಯಾಂಡ್ ಐರನ್ ಮೇಡನ್ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಾಗ ನಾವಿಬ್ಬರೂ ಮಂಡ್ಯದಿಂದ ರೈಲು ಹತ್ತಿ ಹೋಗಿದ್ದೆವು. ವಾಪಸ್ ಬರುವಾಗ ಮದ್ದೂರಿನಲ್ಲಿ ಏನಾಯಿತು ಅಂತ ಇವನನ್ನೇ ಕೇಳಿ. ನಾನು ಹೇಳಲ್ಲ, ಮಾತು ಕೊಟ್ಟಿದ್ದೇನೆ.

ಕೆಳಗಿನಿಂದ ಬರುತ್ತೇನೆ. ಐದು ಇನ್ನೂ ಖಾಲಿ. ನಾಲ್ಕಕ್ಕೆ ಮ್ಯಾಸ್ಟೊಡಾನ್ ಬ್ಯಾಂಡಿನ ‘ಲೆವಯಥನ್’. ಆಗಿನ್ನೂ ಸಮುದ್ರವನ್ನೇ ನೋಡದ ನಾವು ಬಿಳಿ ತಿಮಿಂಗಿಲದ ಬೇಟೆಯ ಹಾಡುಗಳಿಗೆ ಕತ್ತು ನೋಯುವಷ್ಟು ತಲೆ ಕುಣಿಸಿದ್ದೆವು. ಮೂರಕ್ಕೆ ಓಪೆತ್‌ನ ‘ಬ್ಲ್ಯಾಕ್‌ವಾಟರ್ ಪಾರ್ಕ್’. ಗುಡುಗಿದ ಗಂಟಲೇ ಮರುಗಳಿಗೆಗೆ ಮಗು ಮಲಗಿಸುವ ಹಾಗೆ ಹಾಡುತ್ತದಲ್ಲ, ಅದಕ್ಕೆ.

ಎರಡಕ್ಕೆ ಟೂಲ್‌ನ ‘ಲ್ಯಾಟರಲಸ್’. ಹೌದು, ಎರಡಕ್ಕೆ. ಅದೇ ಮೊದಲನೆಯದು ಅಂತ ಇಷ್ಟು ವರ್ಷ ಎಲ್ಲರ ಹತ್ತಿರ ವಾದ ಮಾಡಿದವನು ನಾನೇ. ಅದೇ ಹೆಸರಿನ ಹಾಡಿನಲ್ಲಿ ಸಾಲಿನಿಂದ ಸಾಲಿಗೆ ಉಚ್ಚಾರದ ತುಣುಕುಗಳ (ಸಿಲಬಲ್) ಎಣಿಕೆ ಒಂದು, ಒಂದು, ಎರಡು, ಮೂರು, ಐದು, ಎಂಟು ಅಂತ ಏರುವುದನ್ನು ಕುಕ್ಕರಹಳ್ಳಿ ಕೆರೆ ಏರಿ ಮೇಲೆ ನಿನಗೆ ಬೆರಳು ಮಡಚಿ ತೋರಿಸಿದ್ದೆ, ನೆನಪಿದೆಯಾ? ಹತ್ತಿರ ಹತ್ತಿರ 79 ನಿಮಿಷದ ಆಲ್ಬಮ್. ಅದರ ಡ್ರಮ್ ಕೇಳಿದರೆ ಈಗಲೂ ಮೈ ಜುಮ್ ಅನ್ನುತ್ತದೆ. ಆದರೆ ಪಟ್ಟಿ ಬರೆಯುತ್ತಾ ಕೂತಾಗ ಒಂದು ಪ್ರಶ್ನೆ ಬಂತು. ಮನಸ್ಸು ಕೆಟ್ಟ ದಿನ ನಾನು ಯಾವತ್ತಾದರೂ ಇದನ್ನು ಹಾಕಿದ್ದೆನಾ? ಇಲ್ಲ.

ಅಂಥ ದಿನ ನಾನು ಹಾಕುತ್ತಿದ್ದದ್ದು ಲಿಂಕಿನ್ ಪಾರ್ಕ್‌ನ ‘ಹೈಬ್ರಿಡ್ ಥಿಯರಿ’. ಒಂದನೇ ನಂಬರ್ ಅದಕ್ಕೇ.

‘ಸ್ಕೂಲ್ ಹುಡುಗರ ಬ್ಯಾಂಡ್’ ಅಂತ ನಾವಿಬ್ಬರೂ ಎಷ್ಟು ಸಲ ಅಂದಿದ್ದೇವೆ! ಆಗೆಲ್ಲ ಆ ಕ್ಯಾಸೆಟ್ ನನ್ನ ಬ್ಯಾಗಿನಲ್ಲೇ ಇರುತ್ತಿತ್ತು. ನಿನಗೆ ಕಾಣಬಾರದು ಅಂತ ಸಿಸ್ಟಮ್ ಆಫ್ ಎ ಡೌನ್ ಬ್ಯಾಂಡಿನ ‘ಟಾಕ್ಸಿಸಿಟಿ’ಯ ಡಬ್ಬಿಯೊಳಗೆ ಇಟ್ಟಿದ್ದೆ.

2002, ಕಾವೇರಿ ಗಲಾಟೆಯ ವರ್ಷ. ಮಳೆ ಕೈಕೊಟ್ಟಿತ್ತು, ನಮ್ಮ ಕಬ್ಬು ಒಣಗಿತು. ಸಾಲ ಎಷ್ಟಿತ್ತು ಅಂತ ನನಗೆ ಯಾರೂ ಹೇಳಲಿಲ್ಲ. ಅಪ್ಪ ಮನೆಯಲ್ಲಿ ಮಾತು ನಿಲ್ಲಿಸಿಬಿಟ್ಟ. ಊಟಕ್ಕೆ ಕೂರುತ್ತಿದ್ದ, ಕೈ ತೊಳೆಯುತ್ತಿದ್ದ, ಜಗುಲಿ ಮೇಲೆ ಮಲಗುತ್ತಿದ್ದ. ನಾನು ರಾತ್ರಿ ವಾಕ್‌ಮನ್ ತಗೊಂಡು ವಿ.ಸಿ. ನಾಲೆ ಏರಿ ಮೇಲೆ ಹೋಗಿ ಕೂರುತ್ತಿದ್ದೆ. ಹನ್ನೆರಡು ಹಾಡು, ಪೂರ್ತಿ 38 ನಿಮಿಷವೂ ಇಲ್ಲ. ಅಷ್ಟು ಸಿಟ್ಟಿನಲ್ಲೂ ಒಂದೇ ಒಂದು ಕೆಟ್ಟ ಬೈಗುಳ ಇಲ್ಲ, ಗಮನಿಸಿದ್ದೀಯಾ? ‘ಕ್ರಾಲಿಂಗ್’ ಹಾಡಿನಲ್ಲಿ ಬ್ಯಾಂಡಿನ ಗಾಯಕ ಚೆಸ್ಟರ್ ದನಿ ಎತ್ತುವಾಗ, ನಮ್ಮ ಮನೆಯಲ್ಲಿ ಯಾರಿಗೂ ಬಾಯಿ ಬಿಟ್ಟು ಹೇಳಲಾಗದ್ದನ್ನು ಅವನೇ ಹೇಳುತ್ತಿದ್ದಾನೆ ಅನ್ನಿಸುತ್ತಿತ್ತು.

ಒಂದು ರಾತ್ರಿ ಅಪ್ಪ ಅಲ್ಲಿಗೆ ಬಂದ. ಪಕ್ಕ ಕೂತ. ನಾನು ಒಂದು ಇಯರ್‌ಫೋನ್ ಕೊಟ್ಟೆ. ಹಾಡು ಮುಗಿಯುವ ತನಕ ಕೇಳಿ ಅಂದ: “ಯಾಕ್ಲಾ ಹಿಂಗ್ ಅರಚ್ಕತಾನೆ ಅವ್ನು? ಏನೋ ಸಂಕಟ ಇರ್ಬೇಕು, ಪಾಪ.”

ಆ ತಿಂಗಳಲ್ಲಿ ಅಪ್ಪ ನನ್ನ ಜೊತೆ ಆಡಿದ ಮೊದಲ ಮಾತು ಅದು. ಆಮೇಲೆ ಇಬ್ಬರೂ ಮನೆಗೆ ನಡೆದೆವು.

ಅಷ್ಟು ಹೊತ್ತಿನಲ್ಲಿ ಅಪ್ಪ ನಾಲೆ ಕಡೆ ಯಾಕೆ ಬಂದಿದ್ದ ಮಗಾ? ನನ್ನನ್ನು ಹುಡುಕಿಕೊಂಡೇ ಬಂದಿದ್ದನಾ? ನಾನಲ್ಲಿ ಕೂರುವುದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಇವತ್ತಿಗೂ ಕೇಳಲು ಧೈರ್ಯ ಬಂದಿಲ್ಲ.

2017ರ ಜುಲೈನಲ್ಲಿ ಚೆಸ್ಟರ್ ತನ್ನ ಜೀವ ತಾನೇ ತೆಗೆದುಕೊಂಡ. 41 ವರ್ಷ ಅಷ್ಟೆ. ಬೆಳಿಗ್ಗೆ ನೀನು ಫೋನ್ ಮಾಡಿ, “ಆ ಸ್ಕೂಲ್ ಹುಡುಗರ ಬ್ಯಾಂಡಿನವನು ಹೋದ್ನಂತೆ ಕಣೋ” ಅಂದೆ. ನಾನು “ಹೌದಂತೆ” ಅಂದು ಇಟ್ಟೆ. ಆಮೇಲೆ ಆಫೀಸಿನ ಮೆಟ್ಟಿಲ ಮೇಲೆ ಕೂತು ತುಂಬಾ ಹೊತ್ತು ಅತ್ತೆ. ಊರಿಗೆ ಫೋನ್ ಮಾಡಿ ಅಪ್ಪನನ್ನು ಕೇಳಿದೆ, ತಿಂಡಿ ಆಯ್ತಾ ಅಂತ. ಆಯ್ತು ಕಣಪ್ಪ, ರೊಟ್ಟಿ ಅಂದ. ಯಾವ ಚಟ್ನಿ ಅಂತಾನೂ ಕೇಳಿದೆ.

ಇದನ್ನೆಲ್ಲ ಬರೆಯಬೇಕು ಅಂತ ಕೂತಿರಲಿಲ್ಲ. ನಂಬರ್ ಹಾಕಿ ಕಳಿಸೋಣ ಅಂದುಕೊಂಡಿದ್ದೆ, ಅಷ್ಟೆ. ಬಿಡು. ಭಾನುವಾರ ಮೈಸೂರಿಗೆ ಬಾ. ನಜರ್‌ಬಾದಿನ ಮೈಲಾರಿಯಲ್ಲಿ ದೋಸೆ ತಿನ್ನುತ್ತಾ ಐದನೇ ಸ್ಥಾನಕ್ಕೆ ಜಗಳ ಆಡೋಣ. ಬಿಂದಿಗೆ ಬಡಿದಂಥ ಡ್ರಮ್ಮಿನ, ಮೆಟಾಲಿಕಾದ ‘ಸೇಂಟ್ ಆಂಗರ್’ ನಿನಗೆ ಪ್ರಾಣ ಅಂತ ಗೊತ್ತು. ಈ ಸಲ ಪೂರ್ತಿ ಕೇಳುತ್ತೇನೆ. ದೋಸೆ ದುಡ್ಡು ಮಾತ್ರ ನಿನ್ನದು.

ನಿನ್ನ,
ವಾಕ್‌ಮನ್