ಬರಿಗಾಲಲ್ಲಿ ಬೇಡ, ಅಪ್ಪಾ

ಗ್ಲಾಸ್ಗೊ
ಜನವರಿ 8

ತೀರ್ಥರೂಪ ಅಪ್ಪ ಅವರಿಗೆ ಮತ್ತು ಅವ್ವನಿಗೆ ನಮಸ್ಕಾರಗಳು.

ನಾನು ಇಲ್ಲಿ ಕ್ಷೇಮ. ಅಕ್ಕ ಮೊನ್ನೆ ಬರೆದದ್ದನ್ನು ಓದಿದಾಗಿನಿಂದ ಕೆಲಸದಲ್ಲಿ ಮನಸ್ಸು ನಿಲ್ಲುತ್ತಿಲ್ಲ. ಫೋನಿನಲ್ಲಿ ಕೇಳಿದರೆ "ಆರಾಮ ಇದ್ದೇನೆ" ಎಂದು ಹೇಳಿ ಫೋನನ್ನು ಅವ್ವನ ಕೈಗೆ ದಾಟಿಸುತ್ತೀರಿ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಇದನ್ನು ನಡುವೆ ತಡೆಯಲು ನಿಮಗೆ ಬರುವುದಿಲ್ಲ.

ಹೊಸ ವರ್ಷದ ಸಂಕಲ್ಪವೆಂದು ನಡಿಗೆಯ ಸುದ್ದಿ ತೆಗೆದವನು ನಾನೇ. ಇಲ್ಲಿ ಮಿಲ್ನ್‌ಗಾವಿ ಎಂದು ಬರೆದು "ಮಲ್ಗಾಯ್" ಎಂದು ಕರೆಯುವ ಊರಿದೆ. ಅಲ್ಲಿಂದ ಫೋರ್ಟ್ ವಿಲಿಯಂವರೆಗೆ 154 ಕಿಲೋಮೀಟರಿನ ಕಾಲುದಾರಿ, ವೆಸ್ಟ್ ಹೈಲ್ಯಾಂಡ್ ವೇ. 1980ರಲ್ಲಿ ತೆರೆದದ್ದು. ಮೇ ತಿಂಗಳಲ್ಲಿ ಎಂಟು ದಿನದಲ್ಲಿ ಮುಗಿಸುತ್ತೇನೆ ಎಂದು ನಿಮಗೆ ಹೆಮ್ಮೆಯಿಂದ ಹೇಳಿದ್ದೆ. ಅದನ್ನು ಕೇಳಿ ನೀವು "ಮಗ ನಡೆಯುವುದಾದರೆ ನಾನೂ ನಡೆಯುತ್ತೇನೆ, ಯುಗಾದಿಗೆ ಶ್ರೀಶೈಲಕ್ಕೆ, ಬರಿಗಾಲಲ್ಲಿ" ಎಂದು ಹರಕೆ ಹೊತ್ತಿದ್ದೀರಂತೆ. ನಡೆಯುವ ಆಸೆ ನಿಮಗೆ ಬಂದದ್ದು ನನಗೆ ಎಷ್ಟು ಸಂತೋಷವೋ, ಆ ಬರಿಗಾಲು ಎಂಬ ಮಾತು ಅಷ್ಟೇ ಭಯ ತಂದಿದೆ.

ಅಕ್ಕ ನಿಮ್ಮ ಪಾದದ ಚಿತ್ರ ಕಳಿಸಿದ್ದಾಳೆ. ಬೈಯಬೇಡಿ ಅವಳನ್ನು. ಎಡಗಾಲಿನ ಹೆಬ್ಬೆರಳ ಕೆಳಗೆ ಹುಣಸೆ ಬೀಜದಷ್ಟು ಗಾಯ, ಸುತ್ತ ಚರ್ಮ ಬೆಳ್ಳಗೆ ದಪ್ಪಗಾಗಿದೆ. ಎಳ್ಳ ಅಮಾವಾಸ್ಯೆಯ ದಿನ ಭೂತಾಯಿಗೆ ಎಡೆಯ ಚರಗ ಚೆಲ್ಲಲು ಚಪ್ಪಲಿಯನ್ನು ಬದುವಿನ ಮೇಲೆ ಬಿಟ್ಟು ಹೊಲಕ್ಕೆ ಇಳಿದಿರಲ್ಲ, ಆಗ ನೆಟ್ಟ ಜಾಲಿ ಮುಳ್ಳು ಅದು. ಅವ್ವ ಫರಸಿಯ ಮೇಲೆ ರಕ್ತದ ಕಲೆ ನೋಡಿ ಕೇಳುವವರೆಗೂ ನಿಮಗೆ ಗೊತ್ತೇ ಆಗಲಿಲ್ಲವಂತೆ. ನೋವಿಲ್ಲ, ಹಾಗಾಗಿ ಏನೂ ಇಲ್ಲ ಎನ್ನುತ್ತಿದ್ದೀರಿ. ನನ್ನ ಎದೆ ಒಡೆದದ್ದು ಅಲ್ಲಿಯೇ, ಅಪ್ಪಾ. ಮುಳ್ಳು ಮುರಿದು ಒಳಗೆ ಕೂತರೂ ನೋವಾಗಲಿಲ್ಲ ಎಂದರೆ ಶುಗರ್ ಪಾದದ ನರಗಳನ್ನು ಮಂದ ಮಾಡಿದೆ. ಹಾಗಾದ ಕಾಲಿಗೆ ಕಲ್ಲು, ಗಾಜು, ಕಾದ ಡಾಂಬರು ಯಾವುದೂ ತಿಳಿಯುವುದಿಲ್ಲ. ರಕ್ತದ ಓಡಾಟವೂ ಕಡಿಮೆಯಾಗಿದ್ದರೆ ಗಾಯ ಮಾಯುವುದು ತಡ, ಕೀವಾಗುವುದು ಬೇಗ. ಬೆರಳನ್ನೇ ತೆಗೆಯಬೇಕಾಗಿ ಬರುವುದು ಇಂಥ ಸಣ್ಣ ಗಾಯಗಳಿಂದಲೇ.

ಮುತ್ತ್ಯಾ ಮಲ್ಲಯ್ಯನ ಕಂಬಿ ಹೊತ್ತವರ ಹಿಂದೆ ಬರಿಗಾಲಲ್ಲಿ ಶ್ರೀಶೈಲಕ್ಕೆ ಹೋಗಿ ಬಂದದ್ದನ್ನು ಹೇಳುತ್ತೀರಿ. ದಾರಿಯಲ್ಲಿ ಭೀಮನಕೊಳ್ಳದ ಕಣಿವೆ ಇಳಿದು ಹತ್ತಿದ ಕಥೆಯನ್ನು ನಾನೂ ಅವರ ಬಾಯಿಂದಲೇ ಕೇಳಿ ಬೆಳೆದವನು. ಆದರೆ ಮುತ್ತ್ಯಾನಿಗೆ ಮುಳ್ಳು ನೆಟ್ಟರೆ ನೋಯುತ್ತಿತ್ತು. ಅಲ್ಲೇ ಕೂತು ತೆಗೆಯುತ್ತಿದ್ದರು.

ಆದ್ದರಿಂದ ನಾಳೆಯೇ ಡಾಕ್ಟರಿಗೆ ತೋರಿಸಿ. ಗಾಯ ಪೂರ್ತಿ ಮಾಯುವವರೆಗೆ ಒಂದು ಕಿಲೋಮೀಟರೂ ಬೇಡ, ಆ ಕಾಲಿನ ಮೇಲೆ ಭಾರವೇ ಬೇಡ. ಮಾಯ್ದ ಮೇಲೆ ಅವರು ಒಪ್ಪಿದರೆ ಊಟವಾದ ನಂತರ ಹದಿನೈದು ನಿಮಿಷ, ಆಮೇಲೆ ಸಂಜೆ ನಮ್ಮ ಕಲಬುರಗಿಯ ಅಪ್ಪನ ಕೆರೆಯ ಸುತ್ತ, ಮೆಲ್ಲಗೆ. ಉಂಡ ಮೇಲೆ ನಡೆದರೆ ಶುಗರ್ ಅಷ್ಟು ಏರುವುದಿಲ್ಲ. ದಿನಕ್ಕೆ 10,000 ಹೆಜ್ಜೆ ಆಗಲೇಬೇಕೆಂದು ಪಕ್ಕದ ಮನೆಯ ಕಾಕಾ ಹೇಳಿದ್ದನ್ನು ಹಿಡಿದು ಕೂರಬೇಡಿ. ಅದು ಡಾಕ್ಟರರು ಹೇಳಿದ ಲೆಕ್ಕವಲ್ಲ. 1965ರಲ್ಲಿ ಜಪಾನಿನವರು ಮಾರಿದ ಹೆಜ್ಜೆ ಎಣಿಸುವ ಯಂತ್ರದ ಹೆಸರಿನಿಂದ ಬಂದದ್ದು. ಬೂಟಿಗೆ ದುಡ್ಡು ಅಕ್ಕನ ಖಾತೆಗೆ ಹಾಕಿದ್ದೇನೆ. ಸಂಜೆಯ ಹೊತ್ತು ಹೋಗಿ ಕೊಳ್ಳಿ, ಆಗ ಪಾದ ಸ್ವಲ್ಪ ಊದಿರುತ್ತದೆ, ಅಳತೆ ಸರಿ ಸಿಗುತ್ತದೆ. ಹಾಕುವ ಮುಂಚೆ ಬೂಟಿನೊಳಗೆ ಕೈಯಾಡಿಸಿ. ಅವ್ವಾ, ಇವರ ಅಂಗಾಲನ್ನು ದಿನಾ ರಾತ್ರಿ ದೀಪ ಹಿಡಿದು ನೋಡುವ ಕೆಲಸ ನಿನ್ನದು. ಬೆರಳ ಸಂದಿಯನ್ನೂ ನೋಡು.

ನನ್ನ ಬಗ್ಗೆ ಚಿಂತೆ ಬೇಡವೇ ಬೇಡ. ದಪ್ಪ ಉಣ್ಣೆಯ ಕಾಲುಚೀಲವಿದೆ, ಮಳೆಗೆ ಅಂಗಿಯಿದೆ, ಊಟ ಸರಿಯಾಗಿ ಮಾಡುತ್ತಿದ್ದೇನೆ, ಅವ್ವ ಕೊಟ್ಟ ಶೇಂಗಾ ಹಿಂಡಿ ಇನ್ನೂ ಅರ್ಧ ಡಬ್ಬಿ ಉಳಿದಿದೆ. ಬೆಳಗ್ಗೆ ಎಂಟಾದರೂ ಇಲ್ಲಿ ಕತ್ತಲೆ. ಆ ಕತ್ತಲಲ್ಲೇ ಕಾಲುವೆಯ ದಂಡೆಯ ಮೇಲೆ ಆರು ಕಿಲೋಮೀಟರು, ಭಾನುವಾರ ಹನ್ನೆರಡು. ಹಿಮ್ಮಡಿ ಸ್ವಲ್ಪ ಉರಿದರೂ ನಿಂತು ಪಟ್ಟಿ ಹಚ್ಚುತ್ತೇನೆ. ಈ ಸ್ಕಾಟ್ಲೆಂಡ್ ದೇಶದಲ್ಲಿ ಯಾರ ಹೊಲದ ಅಂಚಿನಲ್ಲಿ ಹಾದುಹೋದರೂ ಬೈಯುವುದಿಲ್ಲ, 2003ರ ಕಾನೂನೇ ಆ ಹಕ್ಕು ಕೊಟ್ಟಿದೆ. ಬೆಳೆ ತುಳಿಯಬಾರದು, ಗೇಟು ಹೇಗಿತ್ತೋ ಹಾಗೇ ಬಿಟ್ಟು ಹೋಗಬೇಕು, ಅಷ್ಟೇ. ಇನ್ನೊಂದು ಕೇಳಿ. ಹೊಸ ವರ್ಷದ ನಡುರಾತ್ರಿ ದಾಟಿದ ಮೇಲೆ ಕಪ್ಪು ಕೂದಲಿನ ಗಂಡಸು ಕಲ್ಲಿದ್ದಲಿನ ತುಂಡು ಹಿಡಿದು ಮೊದಲು ಹೊಸ್ತಿಲು ದಾಟಿದರೆ ಮನೆಗೆ ಶುಭವೆಂದು ಇಲ್ಲಿಯ ನಂಬಿಕೆ. ಕೆಳಮನೆಯ ಅಜ್ಜಿ ನನ್ನನ್ನೇ ಕರೆದರು. ಆ ರಾತ್ರಿ ಮೂರು ಮನೆಯ ಹೊಸ್ತಿಲು ದಾಟಿದೆ, ಮೂರೂ ಕಡೆ ಕೈ ಹಿಡಿದು ಒಳಗೆ ಕೂರಿಸಿದರು.

ಮಲ್ಲಯ್ಯನ ಹರಕೆ ಮುರಿಯಿರಿ ಎಂದು ನಾನು ಹೇಳುತ್ತಿಲ್ಲ. ಈ ಯುಗಾದಿಗೆ ಬಸ್ಸಿನಲ್ಲಿ ಹೋಗಿ ದರ್ಶನ ಮಾಡಿ ಬನ್ನಿ. ಮುಂದಿನ ಯುಗಾದಿಗೆ ನಾನು ರಜೆ ಹಾಕಿ ಬರುತ್ತೇನೆ. ಕಾಲಲ್ಲಿ ಬೂಟು ಹಾಕಿಕೊಂಡು, ಡಾಕ್ಟರರು ಎಷ್ಟು ಬಿಡುತ್ತಾರೋ ಅಷ್ಟು ದೂರ ಇಬ್ಬರೂ ನಡೆಯೋಣ. ಮೇ ತಿಂಗಳ ರಜೆ ಆಗಲೇ ಮಂಜೂರಾಗಿದೆ. ಅಷ್ಟರಲ್ಲಿ ಗಾಯ ಮಾಯದಿದ್ದರೆ ಫೋರ್ಟ್ ವಿಲಿಯಂ ಬಿಟ್ಟು ಕಲಬುರಗಿಗೇ ಬರುತ್ತೇನೆ, ಇದು ಖಂಡಿತ.

ಬಸ್ಸಿಗೆ ಹೊತ್ತಾಯಿತು. ಆಯಿಗೆ ನಮಸ್ಕಾರ ತಿಳಿಸಿ. ಡಾಕ್ಟರರಿಗೆ ತೋರಿಸಿದ ದಿನವೇ ಅಕ್ಕನಿಂದ ಎರಡು ಸಾಲು ಬರೆಸಿ. ಪಾದದ ಹೊಸ ಚಿತ್ರವೂ ಬೇಕು.

ನಿಮ್ಮ ಮಗ
ಶರಣು