ಲಾಲ್‌ಬಾಗ್ ಬಂಡೆ ಹತ್ರ ಸಿಕ್ಕ ಅಣ್ಣಂಗೆ ಥ್ಯಾಂಕ್ಸ್

ನೆನ್ನೆ ಬೆಳಗಾಗ್ತಿದ್ದಂಗೆ ಲಾಲ್‌ಬಾಗ್ ಬಂಡೆ ಹತ್ರ ಕಸ ಗುಡಿಸ್ತಿದ್ದ ಅಣ್ಣ, ಇದು ನಿಮಗೆ. ಸುಮಾರು 300 ಕೋಟಿ ವರ್ಷ ಹಳೇ ಕಲ್ಲು ಅದು, ಅದರ ಪಟ್ಟೆಗಳನ್ನ ನೋಡ್ಕೊಂಡು ಪೇಂಟಿಂಗ್ ಮಾಡೋಣ ಅಂತ ಫೋಟೋ ತೆಗೆಯೋಕೆ ಬಂದಿದ್ದೆ, ಆದ್ರೆ ಮೋಡ ಕವಿದು ಎಲ್ಲಾ ಒಂದೇ ಬೂದಿ ಬಣ್ಣ, ಸಂಜೆ ಕ್ಲಾಸಲ್ಲಿ ತೋರಿಸ್ಲೇಬೇಕು ಬೇರೆ, ಅಳು ಬರೋದೊಂದು ಬಾಕಿ. ನೀವು ಪೊರಕೆ ಪಕ್ಕಕ್ಕಿಟ್ಟು ನಿಮ್ಮ ಕುಡಿಯೋ ನೀರಿನ ಬಾಟ್ಲಿಯಿಂದ ಒಂಚೂರು ಸುರಿದು ಟವೆಲಲ್ಲಿ ಒರೆಸಿದ್ರಿ, ಬಿಳಿ ಪಟ್ಟೆ ಕಪ್ಪು ಪಟ್ಟೆ ಎದ್ದು ಬಂತು. ಆಮೇಲೆ "ಟಾರ್ಚ್ ಹಾಕ್ಲಾ ಮೇಡಂ" ಅಂತ ಕುಕ್ಕರಗಾಲಲ್ಲಿ ಕೂತು ಮೊಬೈಲನ್ನ ಕಲ್ಲಿಗೇ ತಾಗಿಸಿ ಪಕ್ಕದಿಂದ ಬೆಳಕು ಬಿಟ್ರಲ್ಲ, ಒಂದೊಂದು ಹರಳಿಗೂ ನೆರಳು ಬಿತ್ತು! ಟೆಕ್ಸ್ಚರ್‌ಗೆ ಪಕ್ಕದ ಬೆಳಕೇ ಬೇಕು. ಹೋದ ಉಸಿರು ಬಂದಂಗಾಯ್ತು ನಂಗೆ. ಟೀ ಕುಡಿಯೋಣ ಬನ್ನಿ ಅಂದ್ರೆ ಇನ್ನೂ ಗುಡಿಸೋದಿದೆ ಅಂತ ಹೊರಟೇಬಿಟ್ರಿ. ತುಂಬಾ ಥ್ಯಾಂಕ್ಸ್ ಅಣ್ಣ.